ಒಂದೇ ಭೂಕಂಪಕ್ಕೆ ಎರಡು ಲೆಕ್ಕ ಯಾಕೆ?

ಪ್ರಶ್ನೆ: 2023ರ ಫೆಬ್ರವರಿಯಲ್ಲಿ ಟರ್ಕಿಯಲ್ಲಾದ ಭೂಕಂಪದ ಬಗ್ಗೆ ಓದುತ್ತಿದ್ದೆ. ಒಂದು ಕಡೆ ನಷ್ಟ 34 ಬಿಲಿಯನ್ ಡಾಲರ್ ಎಂದಿತ್ತು, ಇನ್ನೊಂದು ಕಡೆ 103 ಬಿಲಿಯನ್. ಎರಡೂ ಹೆಸರಿರುವ ಸಂಸ್ಥೆಗಳ ಲೆಕ್ಕವೇ. ಯಾವುದನ್ನು ನಂಬಬೇಕು? ಅಸಲಿಗೆ ಇಂಥ ಲೆಕ್ಕವನ್ನು ಬರೆಯುವವರು ಯಾರು, ಹೇಗೆ ಬರೆಯುತ್ತಾರೆ? ಪ್ರತಿ ವರ್ಷ ನಾಲ್ಕಾರು ಮನೆ ಬೀಳಿಸಿ ಹೋಗುವ ಸಣ್ಣ ನೆರೆಗಳು ಎಲ್ಲಾದರೂ ದಾಖಲಾಗುತ್ತವೆಯೇ?

ಉತ್ತರ: ಎರಡನ್ನೂ ನಂಬಬಹುದು. ಜಾರಿಕೊಳ್ಳುವ ಮಾತು ಅನ್ನಿಸಿದರೆ ನಿಮ್ಮದು ತಪ್ಪಲ್ಲ. ಆದರೆ ಈ ಎರಡು ಅಂಕಿಗಳ ಬೆನ್ನು ಹತ್ತಿದರೆ ನಿಮ್ಮ ಉಳಿದ ಪ್ರಶ್ನೆಗಳಿಗೂ ದಾರಿ ಸಿಗುತ್ತದೆ.

ನೆಲ ನಡುಗಿದ್ದು ಫೆಬ್ರವರಿ 6ರಂದು. ವಿಶ್ವಬ್ಯಾಂಕಿನ 34.2 ಬಿಲಿಯನ್ ಡಾಲರ್ ಅಂದಾಜು ಹೊರಬಿದ್ದದ್ದು ಅದೇ ತಿಂಗಳ 27ಕ್ಕೆ. ಮೂರು ವಾರದಲ್ಲಿ ಯಾರಿಂದಲೂ ಮನೆಮನೆಗೆ ಹೋಗಿ ಬಿರುಕು ಎಣಿಸಲಾಗದು. ಎಲ್ಲಿ ಎಷ್ಟು ನಡುಗಿತು ಎಂಬ ನಕ್ಷೆ, ಅಲ್ಲಿ ಎಂಥ ಕಟ್ಟಡಗಳಿದ್ದವು ಎಂಬ ಮಾಹಿತಿ, ಅಂಥ ಕಟ್ಟಡ ಅಷ್ಟು ನಡುಕಕ್ಕೆ ಎಷ್ಟು ಕೆಡುತ್ತದೆ ಎಂಬ ಹಿಂದಿನ ಅನುಭವ, ಈ ಮೂರನ್ನೂ ಒಂದು ಮಾದರಿಯಲ್ಲಿ ಕೂಡಿಸಿ, ಸ್ಥಳದಿಂದ ಬಂದ ವರದಿಗಳ ಜೊತೆ ತಾಳೆ ನೋಡಿ ತೆಗೆದ ಅಂಕಿ ಅದು. ಅದರಲ್ಲಿ ಸೇರಿದ್ದು ಕಟ್ಟಡ, ರಸ್ತೆ, ಪೈಪುಗಳಂಥ ಭೌತಿಕ ಆಸ್ತಿಯ ಹಾನಿ ಮಾತ್ರ. ಎಲ್ಲವನ್ನೂ ಮತ್ತೆ ಕಟ್ಟಲು ಇದರ ಎರಡರಷ್ಟು ಬೇಕಾದೀತು ಎಂದು ವಿಶ್ವಬ್ಯಾಂಕೇ ಆವಾಗ ಹೇಳಿತ್ತು. ಮಾರ್ಚ್‌ನಲ್ಲಿ ಟರ್ಕಿ ಸರ್ಕಾರ ಕೊಟ್ಟ 103.6 ಬಿಲಿಯನ್ನಿನ ಲೆಕ್ಕ ದೇಶದ ಆರ್ಥಿಕತೆಯ ಮೇಲೆ ಬಿದ್ದ ಒಟ್ಟು ಹೊರೆಯದು. ಕುಸಿದ ಆಸ್ತಿಯ ಜೊತೆಗೆ ತುರ್ತು ಕೆಲಸದ ಖರ್ಚು, ಕೈತಪ್ಪಿದ ಆದಾಯ ಇತ್ಯಾದಿಯೂ ಅದರೊಳಗಿದ್ದವು. ಮೊದಲನೆಯದು ‘ಏನೇನು ಒಡೆಯಿತು’ ಎಂಬ ಪ್ರಶ್ನೆಗೆ ಉತ್ತರ, ಎರಡನೆಯದು ‘ಇದೆಲ್ಲ ನಮಗೆ ಎಷ್ಟಕ್ಕೆ ಬಿತ್ತು’ ಎಂಬುದಕ್ಕೆ. ಪತ್ರಿಕೆಯ ತಲೆಬರಹದಲ್ಲಿ ಎರಡಕ್ಕೂ ‘ನಷ್ಟ’ ಎಂದೇ ಹೆಸರು. ತಾಪತ್ರಯ ಶುರುವಾಗುವುದು ಅಲ್ಲಿಂದ.

ಹಾನಿ, ನಷ್ಟ ಎರಡನ್ನೂ ನಾವು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಈ ಕಸುಬಿನವರು ಮಾತ್ರ ಅವನ್ನು ಬೇರೆ ಬೇರೆ ಖಾತೆಯಲ್ಲಿ ಬರೆಯುತ್ತಾರೆ. ನೆರೆ ನೀರು ಒಂದು ಹಿಟ್ಟಿನ ಗಿರಣಿಗೆ ನುಗ್ಗಿತು ಅಂದುಕೊಳ್ಳಿ. ಗೋಡೆ ಕುಸಿಯಿತು, ಮೋಟಾರು ಸುಟ್ಟಿತು, ಮೂಟೆಗಳಲ್ಲಿದ್ದ ಕಾಳು ನೆನೆದು ಮೊಳಕೆ ಬಂತು. ಇದು ಹಾನಿ. ಒಂದೇ ದಿನದಲ್ಲಿ ಆಗಿ ಮುಗಿದದ್ದು, ಕಣ್ಣಿಗೆ ಕಾಣುವಂಥದ್ದು, ಫೋಟೊ ತೆಗೆಯಬಹುದಾದದ್ದು. ಗಿರಣಿ ನಾಲ್ಕು ತಿಂಗಳು ಮುಚ್ಚಿತು, ಮಾಲೀಕನ ಸಂಪಾದನೆ ನಿಂತಿತು, ಕೆಲಸದ ಹುಡುಗನ ಸಂಬಳವೂ ನಿಂತಿತು, ಊರವರು ಹಿಟ್ಟು ಮಾಡಿಸಲು ದೂರದ ಪೇಟೆಗೆ ಬಸ್ಸಿನ ದುಡ್ಡು ಕೊಟ್ಟು ಓಡಾಡಿದರು. ಇದು ನಷ್ಟ. ನೀರು ಇಳಿದ ಮೇಲೂ ತಿಂಗಳುಗಟ್ಟಲೆ ಸೋರುತ್ತಲೇ ಇರುವಂಥದ್ದು. ಇನ್ನು ಗಿರಣಿಯನ್ನು ಎತ್ತರದ ಅಡಿಪಾಯದ ಮೇಲೆ, ಮೋಟಾರನ್ನು ನೀರು ಮುಟ್ಟದ ಕಡೆ ಕೂರಿಸಿ ಮತ್ತೆ ಕಟ್ಟಲು ಬೇಕಾಗುವ ಹಣ ಮೂರನೆಯ ಖಾತೆ: ಅಗತ್ಯ. ಮೂರನ್ನೂ ಕೂಡಿಸಿ ಒಂದೇ ಮೊತ್ತ ಹೇಳಿದರೆ ಹಳೇ ಗೋಡೆಯ ಬೆಲೆ, ಹೊಸ ಗೋಡೆಯ ಬೆಲೆ ಎರಡೂ ಒಳಗೆ ಸೇರಿಬಿಡುತ್ತವೆ. ಆ ನೆನೆದ ಕಾಳನ್ನೂ ಮರೆಯಬೇಡಿ. ಕೃಷಿ ವಿಭಾಗದವರು ಅದನ್ನು ‘ರೈತರ ದಾಸ್ತಾನು’ ಎಂದು, ವಾಣಿಜ್ಯದವರು ‘ಗಿರಣಿಯ ಸರಕು’ ಎಂದು ಬರೆದರೆ ಒಂದೇ ಮೂಟೆ ಎರಡು ಸಲ ಕೊಳೆಯುತ್ತದೆ. ವರದಿಗಳನ್ನು ಪರಿಶೀಲಿಸಲು ಕೂತಾಗ ನಾನು ಮೊದಲು ಹುಡುಕುವುದು ಇಂಥ ಮೂಟೆಗಳನ್ನೇ.

ಈ ಖಾತೆ ವಿಂಗಡಣೆ ಬೆಳೆದದ್ದು ಲ್ಯಾಟಿನ್ ಅಮೆರಿಕದಲ್ಲಿ. 1972ರ ಡಿಸೆಂಬರಿನಲ್ಲಿ ನಿಕರಾಗುವಾದ ರಾಜಧಾನಿ ಮನಾಗುವಾ ಭೂಕಂಪಕ್ಕೆ ನೆಲಕಚ್ಚಿದಾಗ ವಿಶ್ವಸಂಸ್ಥೆಯ ಆ ಭಾಗದ ಆರ್ಥಿಕ ಆಯೋಗ ಈ ಲೆಕ್ಕಕ್ಕೆ ಕೈಹಾಕಿತು. ಮುಂದೆ ಒಂದೊಂದು ವಿಕೋಪದಲ್ಲೂ ವಿಧಾನವನ್ನು ತಿದ್ದುತ್ತಾ ಬಂದು 1991ರಲ್ಲಿ ಕೈಪಿಡಿ ಮಾಡಿತು. 2008ರಲ್ಲಿ ವಿಶ್ವಸಂಸ್ಥೆ, ವಿಶ್ವಬ್ಯಾಂಕ್, ಐರೋಪ್ಯ ಒಕ್ಕೂಟ ಮೂರೂ ಸೇರಿ, ವಿಕೋಪವಾದ ಮೇಲೆ ಆಯಾ ಸರ್ಕಾರದ ಮುಂದಾಳತ್ವದಲ್ಲಿ ಒಂದೇ ಜಂಟಿ ಸಮೀಕ್ಷೆ ಮಾಡೋಣ ಎಂದು ಒಪ್ಪಿಕೊಂಡವು. ಅದಕ್ಕೆ ಮುಂಚೆ ಪ್ರತಿ ಸಂಸ್ಥೆಯೂ ತನ್ನದೇ ತಂಡ, ತನ್ನದೇ ಫಾರಂ ಹಿಡಿದು ಬರುತ್ತಿತ್ತು. ಮನೆ ಕಳೆದುಕೊಂಡವರು ಅದೇ ಕಥೆಯನ್ನು ನಾಲ್ಕು ಸಲ ಹೇಳಬೇಕಿತ್ತು.

ಖಾತೆ ಬೇರೆ ಮಾಡಿದರೆ ಏನು ಕಾಣುತ್ತದೆ ಎಂಬುದಕ್ಕೆ ಎರಡು ದೇಶಗಳನ್ನು ಪಕ್ಕಪಕ್ಕ ಇಡುತ್ತೇನೆ. 2015ರ ಏಪ್ರಿಲ್ 25ರ ಭೂಕಂಪದ ನಂತರ ನೇಪಾಳ ಎರಡು ತಿಂಗಳೊಳಗೆ ಜಂಟಿ ಸಮೀಕ್ಷೆ ಮುಗಿಸಿತು. ಒಟ್ಟು 706 ಬಿಲಿಯನ್ ನೇಪಾಳಿ ರೂಪಾಯಿ, ಅದರಲ್ಲಿ 517 ಬಿಲಿಯನ್ ಹಾನಿ, 189 ಬಿಲಿಯನ್ ನಷ್ಟ. 2022ರ ನೆರೆಯ ನಂತರ ಪಾಕಿಸ್ತಾನದ ಸಮೀಕ್ಷೆಯಲ್ಲಿ ಹಾನಿ 14.9 ಬಿಲಿಯನ್ ಡಾಲರ್, ನಷ್ಟ 15.2 ಬಿಲಿಯನ್. ಭೂಕಂಪ ಗೋಡೆ ಕೆಡವಿ ಹೋಗುತ್ತದೆ, ಹಾಗಾಗಿ ಹಾನಿಯ ತಕ್ಕಡಿ ಭಾರ. ನೆರೆ ಹೊಲದಲ್ಲಿ ಕೂತುಬಿಡುತ್ತದೆ, ಸುಗ್ಗಿಯನ್ನೇ ನುಂಗುತ್ತದೆ, ಹಾಗಾಗಿ ನಷ್ಟ ಹಾನಿಯನ್ನೂ ಮೀರುತ್ತದೆ. ಬರಗಾಲದಲ್ಲಂತೂ ಗೋಡೆಗೆ ಒಂದು ಬಿರುಕೂ ಬೀಳುವುದಿಲ್ಲ. ಒಡೆದ ಆಸ್ತಿಯನ್ನಷ್ಟೇ ಎಣಿಸುವ ದೇಶದ ಪುಸ್ತಕದಲ್ಲಿ ಬರಗಾಲ ಬಂದೇ ಇರುವುದಿಲ್ಲ.

ಇಲ್ಲೊಂದು ಕಿರಿಕಿರಿಯನ್ನೂ ಹೇಳಿಬಿಡುತ್ತೇನೆ. ಜಂಟಿ ಸಮೀಕ್ಷೆಯವರು ‘ಹಾನಿ’ ಎನ್ನುವುದನ್ನೇ ಹೆಚ್ಚುಕಡಿಮೆ ಸೆಂಡಾಯ್ ಒಪ್ಪಂದದವರು (ವಿಕೋಪದ ಅಪಾಯ ತಗ್ಗಿಸಲು ದೇಶಗಳು 2015ರಲ್ಲಿ ಒಪ್ಪಿಕೊಂಡ ಚೌಕಟ್ಟು ಅದು) ‘ನೇರ ಆರ್ಥಿಕ ನಷ್ಟ’ ಎನ್ನುತ್ತಾರೆ. ಇಬ್ಬರೂ ವಿಶ್ವಸಂಸ್ಥೆಯ ಸೂರಿನಡಿಯವರೇ. ಓದುವವರ ಪಾಡು ಕೇಳುವವರಿಲ್ಲ.

ದುಡ್ಡಿನ ಲೆಕ್ಕ ಕಷ್ಟ, ಸತ್ತವರ ಲೆಕ್ಕ ಸುಲಭ ಎಂಬ ನಂಬಿಕೆಯೊಂದಿದೆ. ನನ್ನ ಮಟ್ಟಿಗೆ ಅದು ಉಲ್ಟಾ. 2017ರ ಸೆಪ್ಟೆಂಬರಿನಲ್ಲಿ ಮಾರಿಯಾ ಚಂಡಮಾರುತ ಪೋರ್ಟೊ ರಿಕೊ ದ್ವೀಪಕ್ಕೆ ಬಡಿಯಿತು. ಸರ್ಕಾರದ ಲೆಕ್ಕದಲ್ಲಿ ಸತ್ತವರು 64. ತಿಂಗಳುಗಟ್ಟಲೆ ಅದೇ ಅಂಕಿ ನಿಂತಿತ್ತು. 2018ರ ಆಗಸ್ಟ್‌ನಲ್ಲಿ ಅದು 2,975ಕ್ಕೆ ಏರಿತು. ಹೊಸದಾಗಿ ಶವಗಳೇನೂ ಸಿಕ್ಕಿರಲಿಲ್ಲ, ಎಣಿಸುವ ಕ್ರಮ ಬದಲಾಗಿತ್ತು. 64 ಎಂಬುದು ಮರಣ ಪ್ರಮಾಣಪತ್ರದಲ್ಲಿ ಚಂಡಮಾರುತದ ನಂಟು ನಮೂದಾದವರದು. ಆದರೆ ಚಂಡಮಾರುತ ದಾಟಿಹೋದ ಮೇಲೆ ಎಷ್ಟೋ ಕಡೆ ತಿಂಗಳುಗಟ್ಟಲೆ ಕರೆಂಟ್ ಇರಲಿಲ್ಲ. ಮನೆಯಲ್ಲಿ ಆಮ್ಲಜನಕ ಯಂತ್ರದ ಮೇಲಿದ್ದ ಮುದುಕರು, ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕಿದ್ದವರು, ಫ್ರಿಜ್ ಇಲ್ಲದೆ ಇನ್ಸುಲಿನ್ ಕೆಟ್ಟುಹೋದವರು ಒಬ್ಬೊಬ್ಬರಾಗಿ ಹೋದರು. ವೈದ್ಯರು ಬರೆದದ್ದು ‘ಹೃದಯಾಘಾತ’, ‘ಸಕ್ಕರೆ ಕಾಯಿಲೆ’ ಎಂದು. ಅದೂ ಸುಳ್ಳಲ್ಲ. ವಿಕೋಪಕ್ಕೆ ಸಂಬಂಧಿಸಿದ ಸಾವನ್ನು ಹೇಗೆ ನಮೂದಿಸಬೇಕು ಎಂದು ಅವರಿಗೆ ಯಾರೂ ಸರಿಯಾಗಿ ಹೇಳಿಕೊಟ್ಟಿರಲಿಲ್ಲ. ಕೊನೆಗೆ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ಪ್ರಮಾಣಪತ್ರಗಳ ಕಾರಣವನ್ನು ಬದಿಗಿಟ್ಟು, ಸೆಪ್ಟೆಂಬರಿನಿಂದ ಫೆಬ್ರವರಿವರೆಗೆ ಸಾಮಾನ್ಯವಾಗಿ ಎಷ್ಟು ಜನ ಸಾಯಬೇಕಿತ್ತು, ನಿಜವಾಗಿ ಎಷ್ಟು ಜನ ಸತ್ತರು ಎಂದು ಕಳೆದು ನೋಡಿತು. ಆ ವ್ಯತ್ಯಾಸವೇ 2,975.

ಬಿಸಿಗಾಳಿಯ ಸಾವುಗಳನ್ನು ಎಣಿಸಲು ಇದೊಂದೇ ದಾರಿ ಎಂದರೂ ಆದೀತು. 2003ರ ಬೇಸಿಗೆಯಲ್ಲಿ ಯುರೋಪಿನಲ್ಲಿ ಸುಮಾರು 70,000 ಹೆಚ್ಚುವರಿ ಸಾವುಗಳಾದವು ಎಂಬ ಅಂದಾಜು ಹೀಗೆಯೇ ಬಂದದ್ದು. ಸೂರ್ಯ ಯಾರ ಮನೆಯನ್ನೂ ಕೆಡವಿರಲಿಲ್ಲ, ಹಾಗಾಗಿ ನಡೆಯುತ್ತಿರುವಾಗ ಅದರ ಪೂರ್ತಿ ಪ್ರಮಾಣ ಗಮನಕ್ಕೆ ಬಂದಿರಲಿಲ್ಲ.

ಜಪಾನಿನವರು ಇದಕ್ಕೆ ಬೇರೆಯದೇ ದಾರಿ ಹಿಡಿದಿದ್ದಾರೆ. ಅವರಲ್ಲಿ ‘ವಿಕೋಪ ಸಂಬಂಧಿ ಸಾವು’ ಎಂಬ ಪ್ರತ್ಯೇಕ ಖಾತೆಯೇ ಇದೆ. ನಿರಾಶ್ರಿತರ ಶಿಬಿರದ ಚಳಿಯಲ್ಲಿ, ಆಸ್ಪತ್ರೆಯಿಂದ ಆಸ್ಪತ್ರೆಗೆ ಸಾಗಿಸುವಾಗ, ದಣಿವಿನಿಂದ ಸತ್ತವರದ್ದು. 2011ರ ಭೂಕಂಪ ಮತ್ತು ಸುನಾಮಿಯಲ್ಲಿ ನೇರವಾಗಿ ಸತ್ತ ಸುಮಾರು 15,900 ಜನರಲ್ಲದೆ 3,700ಕ್ಕೂ ಹೆಚ್ಚು ಮಂದಿ ಈ ಖಾತೆಯಲ್ಲಿದ್ದಾರೆ. ಮನೆಯವರು ಅರ್ಜಿ ಹಾಕಬೇಕು, ವೈದ್ಯರು ವಕೀಲರಿರುವ ಸ್ಥಳೀಯ ಸಮಿತಿ ನೋಡಿ ತೀರ್ಮಾನಿಸಬೇಕು. ಸತ್ತವರು ಮನೆಯ ದುಡಿಯುವ ಕೈಯಾಗಿದ್ದರೆ 50 ಲಕ್ಷ ಯೆನ್, ಇಲ್ಲದಿದ್ದರೆ 25 ಲಕ್ಷ ಯೆನ್ ಸಾಂತ್ವನ ಧನ. ಒಂದು ಎಣಿಕೆಯ ಹಿಂದೆ ಇಷ್ಟು ದುಡ್ಡು ನಿಂತರೆ ಆ ಎಣಿಕೆ ಬರೀ ಅಂಕಿಅಂಶವಾಗಿ ಉಳಿಯುವುದಿಲ್ಲ. ಅರ್ಜಿ ಹಾಕಲು ಮನೆಯವರೇ ಉಳಿಯದಿದ್ದರೆ ಆ ಸಾವು ಖಾತೆಗೇ ಬರದೆ ಹೋಗಬಹುದು.

ಮನೆಗಳ ವಿಷಯದಲ್ಲೂ ಅವರ ಲೆಕ್ಕ ನೋಡುವಂಥದ್ದು. ಪ್ರತಿ ಮನೆಗೂ ಸ್ಥಳೀಯ ಆಡಳಿತದವರು ಬಂದು ಹಾನಿಯ ಪ್ರಮಾಣಪತ್ರ ಬರೆದುಕೊಡುತ್ತಾರೆ. ಶೇ 50 ಅಥವಾ ಹೆಚ್ಚು ಕೆಟ್ಟಿದ್ದರೆ ‘ಪೂರ್ಣ ನಾಶ’, ಶೇ 40ರಿಂದ 50ರೊಳಗೆ ಇನ್ನೊಂದು ದರ್ಜೆ, ಹೀಗೆ ಶೇ 10ರವರೆಗೆ ಇಳಿಯುತ್ತದೆ. ಬಂದ ಅಧಿಕಾರಿಯ ಕೈಯಲ್ಲಿ ಗಾರೆಯವರು ಗೋಡೆಯ ನೇರ ನೋಡಲು ಇಳಿಬಿಡುವಂಥ ತೂಗುಗುಂಡು ಇರುತ್ತದೆ. ದಾರವನ್ನು 120 ಸೆಂಟಿಮೀಟರ್ ಇಳಿಬಿಟ್ಟಾಗ ಗೋಡೆ 6 ಸೆಂಟಿಮೀಟರ್ ವಾಲಿದ್ದರೆ, ಅಂದರೆ ಇಪ್ಪತ್ತಕ್ಕೆ ಒಂದರಷ್ಟು ವಾಲಿದ್ದರೆ, ಬೇರೆ ಏನೂ ಅಳೆಯಬೇಕಾಗಿಲ್ಲ, ಆ ಮನೆ ಪೂರ್ಣ ನಾಶ. ಐದೂವರೆ ಸೆಂಟಿಮೀಟರ್ ವಾಲಿದ ಪಕ್ಕದ ಮನೆಯವರಿಗೆ ಸೂರು, ಗೋಡೆ, ನೆಲ ಎಲ್ಲದರ ಅಂಕ ಕೂಡಿಸುವವರೆಗೂ ಕಾಯುವ ಪಾಳಿ. ಪ್ರಮಾಣಪತ್ರ ಒಪ್ಪಿಗೆಯಾಗದಿದ್ದರೆ ಮರುಪರಿಶೀಲನೆ ಕೇಳಬಹುದು, ಕೇಳುತ್ತಾರೆ ಕೂಡ. ನಾವು ಟಿವಿಯಲ್ಲಿ ನೋಡುವ ‘ಇಷ್ಟು ಸಾವಿರ ಮನೆ ನಾಶ’ ಎಂಬ ಸಾಲು ಇಂಥ ಸಾವಿರಾರು ತೂಗುಗುಂಡುಗಳ ಮೊತ್ತ.

ಅಂಕಿ ಉಬ್ಬಿಸುವ ಆಸೆ, ಇಳಿಸುವ ಒತ್ತಡ ಎರಡೂ ಇದ್ದದ್ದೇ. ಪರಿಹಾರ ಬರುವುದಿದ್ದರೆ ಬಿರುಕೆಲ್ಲ ಕುಸಿತವಾಗುತ್ತದೆ. ಮರ್ಯಾದೆಯ ಪ್ರಶ್ನೆಯಾದರೆ ಕುಸಿತವೂ ಬಿರುಕಾಗುತ್ತದೆ. ಚೀನಾದ ಟಾಂಗ್‌ಶಾನ್ ನಗರ 1976ರ ಜುಲೈನಲ್ಲಿ ಭೂಕಂಪಕ್ಕೆ ನೆಲಸಮವಾಯಿತು. ಸತ್ತವರು 2.42 ಲಕ್ಷ ಎಂಬ ಅಧಿಕೃತ ಅಂಕಿ ಹೊರಬಂದದ್ದು 1979ರಲ್ಲಿ. ವಿಕೋಪದ ಸಾವಿನ ಸಂಖ್ಯೆ ಇನ್ನು ರಾಜ್ಯರಹಸ್ಯವಲ್ಲ ಎಂದು ಆ ದೇಶ ಘೋಷಿಸಿದ್ದು 2005ರಲ್ಲಿ. ಬಚ್ಚಿಡದೆಯೂ ಲೆಕ್ಕ ನಿಲ್ಲಬಹುದು. ಅಮೆರಿಕದ ಹವಾಮಾನ ಸಂಸ್ಥೆ 1980ರಿಂದ ನಡೆಸಿಕೊಂಡು ಬಂದಿದ್ದ, ಒಂದು ಬಿಲಿಯನ್ ಡಾಲರ್ ದಾಟಿದ ವಿಕೋಪಗಳ ಪಟ್ಟಿಯನ್ನು 2025ರಲ್ಲಿ ಇನ್ನು ಮುಂದುವರಿಸುವುದಿಲ್ಲ ಎಂದುಬಿಟ್ಟಿತು. ಅಷ್ಟರಲ್ಲಿ ಅದರಲ್ಲಿ 403 ವಿಕೋಪಗಳಿದ್ದವು.

ಹಾಗಾದರೆ ಮನುಷ್ಯರನ್ನು ಬಿಟ್ಟು ಯಂತ್ರಕ್ಕೇ ಲೆಕ್ಕ ಕೊಡಬಾರದೇ ಎಂದು ಕೇಳುವವರಿದ್ದಾರೆ. ಕೊಡಬಹುದು, ಒಂದು ಎಚ್ಚರದೊಂದಿಗೆ. ಉಪಗ್ರಹಕ್ಕೆ ಸೂರು ಕಾಣುತ್ತದೆ, ಸೂರಿನಡಿಯ ಗೋಡೆ ಕಾಣುವುದಿಲ್ಲ. ಮಾದರಿಗಳ ಕಥೆಗೆ ಮಲಾವಿ ದೇಶ ಸಾಕ್ಷಿ. 2015-16ರ ಬರಕ್ಕೆ ಅದು ವಿಮೆ ಮಾಡಿಸಿತ್ತು. ಹೊಲಕ್ಕೆ ಹೋಗಿ ನೋಡುವಂತಿಲ್ಲ, ಮಳೆಯ ದತ್ತಾಂಶದಿಂದ ಮಾದರಿ ಲೆಕ್ಕ ಹಾಕಿ ಹಣ ಕೊಡುವ ಬಗೆಯ ವಿಮೆ. ಬೆಳೆ ಒಣಗಿತು. ಮಾದರಿ ಮಾತ್ರ ‘ಪರಿಹಾರ ಕೊಡುವಷ್ಟು ಬರವೇನಿಲ್ಲ’ ಎಂದಿತು. ಹುಡುಕಿ ನೋಡಿದರೆ, ಮಾದರಿಯೊಳಗೆ ಕೂತಿದ್ದದ್ದು ದೀರ್ಘಾವಧಿಯ ಮೆಕ್ಕೆಜೋಳ. ರೈತರು ಅಷ್ಟರಲ್ಲಿ ಬೇಗ ಬರುವ ತಳಿಗೆ ಬದಲಾಗಿದ್ದರು. ಆ ತಳಿಗೆ ನೀರು ಬೇಕಿದ್ದ ವಾರಗಳೇ ಬೇರೆ. ತಿದ್ದಿದ ಮೇಲೆ ಸುಮಾರು 8 ಮಿಲಿಯನ್ ಡಾಲರ್ ಪರಿಹಾರ ಒಪ್ಪಿಗೆಯಾಯಿತು, ತಿಂಗಳುಗಳು ಕಳೆದ ಮೇಲೆ.

ಬೆಲೆ ಕಟ್ಟುವುದರಲ್ಲೇ ಇನ್ನೊಂದು ಓರೆ ಇದೆ, ಅದು ನನ್ನನ್ನು ಹೆಚ್ಚು ಕಾಡುತ್ತದೆ. ಶ್ರೀಮಂತರ ಬಂಗಲೆಯ ಗ್ಯಾರೇಜು ಕುಸಿದರೆ ಆಗುವ ಹಾನಿ, ಮಣ್ಣಿನ ಹತ್ತು ಮನೆಗಳು ಕುಸಿದರೆ ಆಗುವ ಹಾನಿಗಿಂತ ಹೆಚ್ಚು ಎಂದೇ ಪುಸ್ತಕ ಹೇಳುತ್ತದೆ. ಗ್ಯಾರೇಜಿನವರು ವಿಮೆ ಕಂಪನಿಗೆ ಫೋನ್ ಮಾಡುತ್ತಾರೆ. ಮಣ್ಣಿನ ಮನೆಯವರು ಹಸು ಮಾರುತ್ತಾರೆ, ಮಗಳ ಶಾಲೆ ಬಿಡಿಸುತ್ತಾರೆ. ವಿಶ್ವಬ್ಯಾಂಕ್ 2016ರಲ್ಲಿ ಇದನ್ನು ಲೆಕ್ಕಕ್ಕೆ ತಂದು ನೋಡಿದಾಗ, ಬದುಕಿನ ಮೇಲಿನ ಪೆಟ್ಟು ಆಸ್ತಿಯ ನಷ್ಟಕ್ಕಿಂತ ಶೇ 60ರಷ್ಟು ಹೆಚ್ಚು ಎಂದು ಕಂಡಿತು. ಆದರೂ ದೇಶದೇಶಗಳ ವಾರ್ಷಿಕ ಪಟ್ಟಿಯಲ್ಲಿ ಇವತ್ತಿಗೂ ಮೇಲೆ ಕೂರುವುದು ಬೆಲೆಬಾಳುವ ಕಟ್ಟಡಗಳು ಬಿದ್ದ ದೇಶ. ಮ್ಯೂನಿಕ್ ರೀ, ಸ್ವಿಸ್ ರೀಯಂಥ ಮರುವಿಮಾ ಕಂಪನಿಗಳ, ಅಂದರೆ ವಿಮಾ ಕಂಪನಿಗಳಿಗೇ ವಿಮೆ ಕೊಡುವವರ, ಪಟ್ಟಿಯಲ್ಲಂತೂ ಇದು ಸಹಜ. ಅವರಿಗೆ ಬೇಕಾದದ್ದು ವಿಮೆಯ ಹೊಣೆ ಎಷ್ಟು ಎಂಬ ಲೆಕ್ಕ, ಅದನ್ನು ಅವರು ಚೆನ್ನಾಗಿಯೇ ಮಾಡುತ್ತಾರೆ.

ಈಗ ನಿಮ್ಮ ಸಣ್ಣ ನೆರೆ. ಜಗತ್ತಿನಲ್ಲಿ ಅತಿ ಹೆಚ್ಚು ಉಲ್ಲೇಖವಾಗುವ ವಿಕೋಪ ದಾಖಲೆ ಬೆಲ್ಜಿಯಮ್ಮಿನ ಲೂವೆನ್ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರದ್ದು, 1988ರಿಂದ ನಡೆಯುತ್ತಿದೆ. ಹೆಸರು ಎಮ್-ಡ್ಯಾಟ್. ಅದರೊಳಗೆ ಹೋಗಲು ಹೊಸ್ತಿಲಿದೆ: ಹತ್ತು ಜನ ಸತ್ತಿರಬೇಕು, ಇಲ್ಲವೇ ನೂರು ಜನ ಸಂತ್ರಸ್ತರಾಗಿರಬೇಕು, ಇಲ್ಲವೇ ತುರ್ತು ಪರಿಸ್ಥಿತಿ ಘೋಷಣೆಯಾಗಿರಬೇಕು, ಇಲ್ಲವೇ ದೇಶ ಹೊರಗಿನ ನೆರವು ಕೇಳಿರಬೇಕು. ಒಂದಾದರೂ ಸಾಕು. ಒಬ್ಬರು ಸತ್ತು ನಾಲ್ಕು ಮನೆ ಬಿದ್ದ ನೆರೆ ಈ ಹೊಸ್ತಿಲು ದಾಟುವುದಿಲ್ಲ. ತಪ್ಪೇನಲ್ಲ, ಜಗತ್ತಿನ ದೊಡ್ಡ ಹೊಡೆತಗಳನ್ನು ಹೋಲಿಸಲು ಮಾಡಿದ ಪುಸ್ತಕ ಅದು.

ಸಣ್ಣದನ್ನು ಹಿಡಿಯಲು ಹುಟ್ಟಿದ್ದು ಡೆಸ್ಇನ್ವೆಂಟಾರ್ ಎಂಬ ದಾಖಲೆ ಪದ್ಧತಿ. 1994ರಲ್ಲಿ ಲ್ಯಾಟಿನ್ ಅಮೆರಿಕದ ಸಂಶೋಧಕರ ಒಂದು ಬಳಗ ಶುರುಮಾಡಿದ್ದು. ಇದಕ್ಕೆ ಹೊಸ್ತಿಲೇ ಇಲ್ಲ. ಒಂದು ಘಟನೆ, ಒಂದು ತಾರೀಖು, ಒಂದು ಪುರಸಭೆ ಅಥವಾ ತಾಲ್ಲೂಕಿನಷ್ಟು ಜಾಗ, ಇಷ್ಟಕ್ಕೆ ಒಂದು ಕಾರ್ಡು. ಹಳೆಯ ವರ್ಷಗಳದ್ದನ್ನು ಎಷ್ಟೋ ಕಡೆ ಸ್ಥಳೀಯ ಪತ್ರಿಕೆಗಳ ಸಂಪುಟಗಳನ್ನು ಪುಟಪುಟ ತಿರುವಿ ತುಂಬಿದ್ದಾರೆ. ನಂತರ ವಿಶ್ವಸಂಸ್ಥೆಯ ವಿಕೋಪ ಅಪಾಯ ತಗ್ಗಿಸುವ ಕಚೇರಿ ಇದನ್ನು ಕೈಗೆತ್ತಿಕೊಂಡು ಹಲವಾರು ದೇಶಗಳಿಗೆ ಹಂಚಿತು. ಇಂಥ ಕಾರ್ಡುಗಳನ್ನು ಕೂಡಿಸಿ ನೋಡಿದಾಗ ಒಂದು ವಿಷಯ ಹೊರಬಂತು: ಬಡ ದೇಶಗಳಲ್ಲಿ ಮನೆ, ಬೆಳೆ, ರಸ್ತೆ ಕೆಡಿಸುವುದರಲ್ಲಿ ಹೆಸರಿಲ್ಲದ ಸಣ್ಣ ನೆರೆ, ಗಾಳಿಮಳೆ, ಭೂಕುಸಿತಗಳದ್ದು ದೊಡ್ಡ ಪಾಲು. ಸಾವು ಮಾತ್ರ ಹೆಚ್ಚಾಗಿ ದೊಡ್ಡ ಭೂಕಂಪ, ಸುನಾಮಿಗಳ ಖಾತೆಯಲ್ಲೇ ಬೀಳುತ್ತದೆ. ಕೊಚ್ಚಿಹೋಗುವ ಮೋರಿಯನ್ನು ಪ್ರತಿ ಮಳೆಗಾಲ ಮತ್ತೆ ಕಟ್ಟುವ ಖರ್ಚು ಯಾವ ಅಂತರರಾಷ್ಟ್ರೀಯ ಸಮ್ಮೇಳನಕ್ಕೂ ಬರುವುದಿಲ್ಲ, ಊರಿನವರ ಜೇಬಿನಿಂದಲೇ ಹೋಗುತ್ತದೆ.

2015ರ ಮಾರ್ಚ್‌ನಲ್ಲಿ ಜಪಾನಿನ ಸೆಂಡಾಯ್‌ನಲ್ಲಿ ದೇಶಗಳು ಒಪ್ಪಿಕೊಂಡ ಚೌಕಟ್ಟು 2030ರವರೆಗಿನದು. ಅದರ ಏಳು ಗುರಿಗಳಲ್ಲಿ ಮೊದಲ ನಾಲ್ಕು ಇದೇ ಲೆಕ್ಕದವು: ಸಾವು ಮತ್ತು ಕಾಣೆಯಾದವರು, ಸಂತ್ರಸ್ತರು, ನೇರ ಆರ್ಥಿಕ ನಷ್ಟ, ಆಸ್ಪತ್ರೆ-ಶಾಲೆಯಂಥ ಮೂಲಸೌಕರ್ಯದ ಹಾನಿ. ಏಳೂ ಗುರಿಗಳಿಗೆ ಒಟ್ಟು 38 ಸೂಚಕಗಳು. 2020-2030ರ ಸರಾಸರಿ ಸಾವನ್ನು 2005-2015ರ ಸರಾಸರಿಗೆ ಹೋಲಿಸಬೇಕು. ಅದಕ್ಕೆ ಆ ಹಳೆಯ ಹತ್ತು ವರ್ಷದ ಲೆಕ್ಕ ಸರಿಯಾಗಿರಬೇಕಲ್ಲ? ಹಿಂದೆ ದಾಖಲೆಯನ್ನೇ ಇಡದಿದ್ದ ದೇಶ ಈಗ ಶ್ರದ್ಧೆಯಿಂದ ಬರೆಯಲು ಶುರುಮಾಡಿದರೆ ಕಾಗದದ ಮೇಲೆ ಅಲ್ಲಿ ವಿಕೋಪ ಹೆಚ್ಚಾದಂತೆ ಕಾಣುತ್ತದೆ. ಪ್ರಾಮಾಣಿಕತೆಗೆ ಸಿಗುವ ಬಹುಮಾನ ಇದು.

ನಿಮ್ಮ ನೆರೆ ದಾಖಲಾಗಿದೆಯೇ ಎಂದು ತಿಳಿಯಬೇಕಿದ್ದರೆ ಜಾಗತಿಕ ಪಟ್ಟಿಯಲ್ಲಿ ಹುಡುಕಬೇಡಿ. ನಿಮ್ಮ ದೇಶದ ವಿಕೋಪ ನಿರ್ವಹಣಾ ಇಲಾಖೆಯ ಸ್ಥಳೀಯ ಕಚೇರಿಯ ಕಡತ ಅಥವಾ ದೇಶದ ಡೆಸ್ಇನ್ವೆಂಟಾರ್ ಇದ್ದರೆ ಅದನ್ನು, ತಾರೀಖು ಮತ್ತು ಊರು ಹಾಕಿ ನೋಡಿ. ಕಾರ್ಡು ಸಿಕ್ಕರೆ ಅಂಕಿಗಿಂತ ಮೊದಲು ಖಾಲಿ ಖಾನೆಗಳನ್ನು ಗಮನಿಸಿ. ‘ಬಿದ್ದ ಮನೆಗಳು’ ಎಂಬಲ್ಲಿ ಸೊನ್ನೆ ಇದೆಯೋ, ಏನೂ ಇಲ್ಲವೋ? ಸೊನ್ನೆ ಎಂದರೆ ಯಾರೋ ಹೋಗಿ ನೋಡಿದ್ದಾರೆ, ಬಿದ್ದಿಲ್ಲ. ಖಾಲಿ ಎಂದರೆ ಯಾರೂ ನೋಡಿಲ್ಲ. ಕಂಪ್ಯೂಟರಿಗೆ ಏರಿಸುವಾಗ ಖಾಲಿಯನ್ನೆಲ್ಲ ಸೊನ್ನೆ ಮಾಡಿಬಿಡುವುದನ್ನು ನಾನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ. ಡೆಸ್ಇನ್ವೆಂಟಾರ್ ಮಾಡಿದವರಿಗೆ ಇದು ಮೊದಲೇ ಗೊತ್ತಿತ್ತು. ಹಾಗಾಗಿ ಅಂಕಿ ಬರೆಯಲಾಗದ ಕಡೆ ‘ಇತ್ತು, ಎಷ್ಟೆಂದು ಗೊತ್ತಿಲ್ಲ’ ಎಂದು ಗುರುತು ಹಾಕಲು ಆ ಕಾರ್ಡಿನಲ್ಲಿ ಅವಕಾಶ ಇಟ್ಟಿದ್ದಾರೆ. ನಿಮ್ಮ ನೆರೆಯ ಕಾರ್ಡಿನಲ್ಲಿ ಅಂಥ ಗುರುತು ಕಂಡರೆ ಬೇಸರ ಮಾಡಿಕೊಳ್ಳಬೇಡಿ. ಬಿದ್ದ ಮನೆಗಳ ಫೋಟೊ, ತಾರೀಖು, ನೀರು ಏರಿದ ಎತ್ತರದ ಗುರುತು ನಿಮ್ಮ ಬಳಿ ಇದ್ದರೆ ಆ ಕಚೇರಿಗೆ ಬರೆದು ಕೊಡಿ. ಸಂಖ್ಯೆಯ ಜಾಗ ಅಲ್ಲಿ ಇನ್ನೂ ತೆರೆದೇ ಇದೆ.